ಗೋಡೆಯ ಅಳತೆ, ರೀಪಿನ ಗುರುತು

ಕಪಾಟಿನ ಕೆಲಸ ಆರಂಭಿಸಿದ ದಿನಗಳಲ್ಲಿ ನಾನು ಗೋಡೆಯನ್ನು ಟೇಪಿನಿಂದ ಅಳೆದು, ಅಂಕಿಗಳನ್ನು ಬರೆದುಕೊಂಡು ಬಂದು, ನೇರವಾಗಿ ಪ್ಲೈವುಡ್ ಕತ್ತರಿಸಲು ತೊಡಗುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ಪೂರ್ತಿ ನೆಟ್ಟಗಿರುವ ಗೋಡೆಯಾಗಲಿ, ಪೂರ್ತಿ ಸಮವಾಗಿರುವ ನೆಲವಾಗಲಿ ಸಿಗುವುದು ಬಹಳ ಅಪರೂಪ. ಆದರೆ ಅಲ್ಲಿ ನಿಲ್ಲುವ ಕಪಾಟು ಮಾತ್ರ ಚೌಕವಾಗಿಯೇ ಇರಬೇಕು, ಇಲ್ಲದಿದ್ದರೆ ಬಾಗಿಲುಗಳು ಹೊಂದುವುದಿಲ್ಲ, ಡ್ರಾಯರ್‌ಗಳು ಸಲೀಸಾಗಿ ಜಾರುವುದಿಲ್ಲ.

ಆದ್ದರಿಂದ ಈಗ ನಾನು ಗೋಡೆಯ ಬಳಿಗೆ ಎರಡು ಉದ್ದನೆಯ ರೀಪುಗಳನ್ನು ಒಯ್ಯುತ್ತೇನೆ. ಒಂದರ ಮೇಲೆ ಅಗಲದ ಗುರುತುಗಳು, ಇನ್ನೊಂದರ ಮೇಲೆ ಎತ್ತರದವು: ಕಿಟಕಿಯ ಅಂಚು, ನೀರಿನ ಕೊಳವೆ, ವಿದ್ಯುತ್ ಸ್ವಿಚ್ಚು, ಎಲ್ಲವೂ ಇದ್ದಲ್ಲೇ ಪೆನ್ಸಿಲ್ ಗೆರೆಯಾಗಿ ಬೀಳುತ್ತವೆ. ಗೆರೆಯನ್ನು ಅಂಕಿಯಾಗಿ ಬರೆದು, ಆ ಅಂಕಿಯನ್ನು ಮತ್ತೆ ಗೆರೆಯಾಗಿಸುವಾಗ ನುಸುಳುವ ತಪ್ಪಿಗೆ ಇಲ್ಲಿ ಅವಕಾಶವೇ ಇರುವುದಿಲ್ಲ.

ಹಲಗೆಯ ದಪ್ಪವನ್ನು ನಂಬಬಾರದೆಂಬುದನ್ನು ನಾನು ನಷ್ಟ ಅನುಭವಿಸಿಯೇ ಕಲಿತೆ. 18 ಮಿ.ಮೀ. ಎಂದು ಕೊಂಡುತಂದ ಪ್ಲೈವುಡ್ ವಾಸ್ತವವಾಗಿ 17.2 ಮಿ.ಮೀ. ಇತ್ತು. ಎರಡು ಪಕ್ಕದ ಹಲಗೆಗಳು ಸೇರಿ ಕಪಾಟಿನ ಪ್ರತಿ ಪೆಟ್ಟಿಗೆಯ ಅಗಲ 1.6 ಮಿ.ಮೀ. ಕಡಿಮೆಯಾಯಿತು, ಐದು ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸಿದಾಗ ಕೊನೆಯಲ್ಲಿ 8 ಮಿ.ಮೀ. ಸಂದು ಉಳಿಯಿತು. ಅಂದಿನಿಂದ ಪ್ರತಿ ಹಾಳೆಯನ್ನೂ ಕ್ಯಾಲಿಪರ್‌ನಿಂದ ಅಳೆದ ನಂತರವೇ ಕತ್ತರಿಸುವ ಪಟ್ಟಿ ಬರೆಯುತ್ತೇನೆ.

ಚಿಕ್ಕ ಕಾರ್ಯಾಗಾರದಲ್ಲಿ 8 ಅಡಿ ಉದ್ದ, 4 ಅಡಿ ಅಗಲದ ಹಾಳೆಯನ್ನು ಒಬ್ಬರೇ ಮೇಜುಗರಗಸದ ಮೇಲೆ ತಿರುಗಿಸುವುದು ಅಪಾಯಕಾರಿ. ಅದನ್ನು ನೆಲದ ಮೇಲೆ ಫೋಮ್ ಹಾಸಿ ಮಲಗಿಸಿ, ಕೈಗರಗಸ ಯಂತ್ರವನ್ನು ನೇರಪಟ್ಟಿಗೆ ಆನಿಸಿ, ಮೊದಲು ದೊಡ್ಡ ತುಂಡುಗಳನ್ನಾಗಿ ಮಾಡಿಕೊಳ್ಳುತ್ತೇನೆ. ಪೆಟ್ಟಿಗೆಯನ್ನು ಅಂಟಿಸಿ ಬಿಗಿದ ಕೂಡಲೇ ಎರಡೂ ಕರ್ಣಗಳನ್ನು ಅಳೆಯಬೇಕು. ಅವು ಸಮವಾಗುವವರೆಗೆ ಕ್ಲ್ಯಾಂಪುಗಳನ್ನು ಸರಿಸಬೇಕು, ಏಕೆಂದರೆ ಅಂಟು ಒಣಗಿದ ಮೇಲೆ ಏನು ಮಾಡಿದರೂ ಅದು ಚೌಕಕ್ಕೆ ಬರುವುದಿಲ್ಲ. ಡ್ರಾಯರ್ ಜಾರಲೆಂದು ಪಕ್ಕಕ್ಕೆ ಕೂರಿಸುವ ಸಾಮಾನ್ಯ ಬಾಲ್‌ಬೇರಿಂಗ್ ಚಾನೆಲ್ಲಿಗೆ ಡ್ರಾಯರಿನ ಎರಡೂ ಬದಿಯಲ್ಲಿ ಅರ್ಧ ಅರ್ಧ ಇಂಚು ಜಾಗ ಬೇಕು. ಬಾಗಿಲುಗಳನ್ನು ಗಟ್ಟಿಮರದ ಚೌಕಟ್ಟಿನಲ್ಲಿ ಮಾಡುವುದಾದರೆ ನಡುವಿನ ಹಲಗೆಗೆ ಅಂಟು ಹಚ್ಚಬಾರದು. ತೇವ ಹೆಚ್ಚಿದಾಗ ಮರ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಒಣಹವೆಯಲ್ಲಿ ಕುಗ್ಗುತ್ತದೆ, ಚೌಕಟ್ಟಿನ ತೋಡಿನೊಳಗೆ ಸಡಿಲವಾಗಿದ್ದರೆ ಮಾತ್ರ ಸೀಳದೆ ಉಳಿಯುತ್ತದೆ.

ನನಗೆ ಅತ್ಯಂತ ಪ್ರಿಯವಾದದ್ದು ಕೊನೆಯ ಜೋಡಣೆ. ನೆಲದ ಅತಿ ಎತ್ತರದ ಬಿಂದುವನ್ನು ಹುಡುಕಿ, ಅಲ್ಲಿಂದ ರಸಮಟ್ಟ ಹಿಡಿದು, ಉಳಿದ ಪೆಟ್ಟಿಗೆಗಳ ಕೆಳಗೆ ಚಕ್ಕೆಗಳನ್ನು ಇಡುತ್ತೇನೆ. ಗೋಡೆಯ ಪಕ್ಕದ ಸಂದಿಗೆ ಬೇಕಾದದ್ದಕ್ಕಿಂತ ಅಗಲವಾದ ಒಂದು ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ, ಕೈವಾರದ ಮೊನೆಯನ್ನು ಗೋಡೆಗೆ ತಾಗಿಸಿ ಮೇಲಿನಿಂದ ಕೆಳಗೆ ನಿಧಾನವಾಗಿ ಎಳೆದರೆ, ಗಾರೆಯ ಪ್ರತಿಯೊಂದು ಉಬ್ಬುತಗ್ಗೂ ಪೆನ್ಸಿಲ್ ಗೆರೆಯಾಗಿ ಪಟ್ಟಿಯ ಮೇಲೆ ಮೂಡುತ್ತದೆ. ಗೆರೆಯ ಹೊರಗೆ ಕತ್ತರಿಸಿ, ಹಿಂಬದಿ ತುಸು ಓರೆಯಾಗುವಂತೆ ಕೀಸುಳಿಯಿಂದ ಗೆರೆಯವರೆಗೆ ಕೀಸುತ್ತೇನೆ. ಆಗ ಮುಂದಿನ ತೆಳುವಾದ ಅಂಚು ಮಾತ್ರ ಗೋಡೆಗೆ ತಾಗುತ್ತದೆ. ಎರಡು ಮೂರು ಬಾರಿ ಇಟ್ಟು ನೋಡಿ, ಮತ್ತೆ ಒಂದೆರಡು ಸುರುಳಿ ತೆಗೆದರೆ, ಸಂದಿನಲ್ಲಿ ಒಂದು ಕಾಗದವೂ ತೂರದಂತೆ ಪಟ್ಟಿ ಗೋಡೆಗೆ ಕಚ್ಚಿ ನಿಲ್ಲುತ್ತದೆ.