ದಿನಚರಿ: ಪುಕ್ಕಟೆ ಪ್ಲಗಿನ್ ಸಾಕೇ?

27 ನವೆಂಬರ್ 2025, ಗುರುವಾರ, ರಾತ್ರಿ

ತಮ್ಮ ಸಂಜೆ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ಈ ಈಕ್ಯೂ ಕೊಂಡುಬಿಡಲೇ? ರಿಯಾಯಿತಿ ನಾಳೆಗೆ ಮುಗಿಯುತ್ತದೆ." ಈಕ್ಯೂ ಎಂದರೆ ನಾದದ ಬೇರೆ ಬೇರೆ ಸ್ಥಾಯಿಗಳನ್ನು ಏರಿಸಿ ಇಳಿಸುವ ಸಾಧನ; ಹಾಡನ್ನು ಮುದ್ರಿಸಿ ಬೆರೆಸುವ ತಂತ್ರಾಂಶಕ್ಕೆ, ಅಂದರೆ ಡಿಎಡಬ್ಲ್ಯೂಗೆ, ಸೇರಿಸಿಕೊಳ್ಳುವ ಇಂಥ ಪುಟ್ಟ ತಂತ್ರಾಂಶವೇ ಪ್ಲಗಿನ್. ನವೆಂಬರ್ ಕೊನೆಯ ವಾರ ಬಂತೆಂದರೆ ಪ್ಲಗಿನ್ ತಯಾರಕರ ಮಿಂಚಂಚೆಗಳೆಲ್ಲ ಹೀಗೆಯೇ ಗಂಟೆ ನಿಮಿಷಗಳನ್ನು ಎಣಿಸುತ್ತ ಬರುತ್ತವೆ. ಬೇಕು ಎಂದಾಗಲಿ ಬೇಡ ಎಂದಾಗಲಿ ನಾನು ಹೇಳಲಿಲ್ಲ. ಈಗ ಮಿಕ್ಸ್ ಮಾಡುತ್ತಿರುವ ಹಾಡಿನಲ್ಲಿ ನಿನಗೆ ಯಾವುದು ಸರಿ ಕೇಳುತ್ತಿಲ್ಲ ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ದನಿಯಲ್ಲಿ ‘ಸ’ಕಾರ ಬಂದಾಗಲೆಲ್ಲ ಕಿವಿಗೆ ಚುಚ್ಚುತ್ತದೆ, ಉಳಿದದ್ದೆಲ್ಲ ಚೆನ್ನಾಗಿಯೇ ಇದೆ" ಎಂದ. ಹಾಗಾದರೆ ಮಾತನಾಡಬೇಕಾದದ್ದು ‘ಸ’ಕಾರದ ಬಗ್ಗೆಯೇ ಹೊರತು ರಿಯಾಯಿತಿಯ ಬಗ್ಗೆ ಅಲ್ಲ ಎಂದು ಇಬ್ಬರಿಗೂ ಅನ್ನಿಸಿತು. ಊಟದ ಹೊತ್ತು ಮೀರಿದರೂ ಫೋನ್ ಇಡಲಿಲ್ಲ.

ಮೊದಲು ಅವನ ಮನಸ್ಸಿನಲ್ಲಿದ್ದ ದೊಡ್ಡ ಅನುಮಾನವನ್ನು ಬಗೆಹರಿಸಬೇಕಾಗಿತ್ತು. ಹಣ ಕೊಟ್ಟು ಕೊಳ್ಳುವ ಈಕ್ಯೂಗೆ ‘ಒಳ್ಳೆಯ ನಾದ’ ಇರುತ್ತದೆ, ಡಿಎಡಬ್ಲ್ಯೂ ಜೊತೆಗೇ ಬರುವ ಈಕ್ಯೂ ಒಣಗಿದಂತೆ ಕೇಳುತ್ತದೆ ಎಂದು ಅವನು ನಂಬಿದ್ದ. ಅವನ ಬಳಿ ಆ ಈಕ್ಯೂವಿನ ಪರೀಕ್ಷಾ ಆವೃತ್ತಿ ಇತ್ತು. ಒಂದೇ ದನಿಯ ಟ್ರ್ಯಾಕನ್ನು ಎರಡು ಪ್ರತಿ ಮಾಡಿ, ಒಂದಕ್ಕೆ ಪುಕ್ಕಟೆಯದನ್ನೂ ಇನ್ನೊಂದಕ್ಕೆ ದುಬಾರಿಯದನ್ನೂ ಹಾಕಿ, ಎರಡರಲ್ಲೂ 300 ಹರ್ಟ್ಸ್ ಸುತ್ತ 3 ಡೆಸಿಬೆಲ್ ತಗ್ಗಿಸಿ, ಎರಡನೆಯದರ ಪೊಲಾರಿಟಿಯನ್ನು ತಿರುಗಿಸಿ, ಅಂದರೆ ಅಲೆಯನ್ನು ತಲೆಕೆಳಗು ಮಾಡಿ, ಒಟ್ಟಿಗೆ ನುಡಿಸು ಎಂದೆ. ಎರಡೂ ಒಂದೇ ಕೆಲಸ ಮಾಡುತ್ತಿದ್ದರೆ ಒಂದನ್ನೊಂದು ಕಳೆದು ನಿಶ್ಶಬ್ದ ಉಳಿಯಬೇಕು. ಮೊದಲಿಗೆ ದನಿಯ ಮೆಲುವಾದ ನೆರಳೊಂದು ಉಳಿಯಿತು. ತಗ್ಗಿಸುವ ಸ್ಥಾಯಿಗಳ ಪಟ್ಟಿಯ, ಅಂದರೆ ಬ್ಯಾಂಡಿನ, ಅಗಲವನ್ನು ಸೂಚಿಸುವ ‘ಕ್ಯೂ’ ಸಂಖ್ಯೆಯನ್ನು ಎಲ್ಲ ತಯಾರಕರೂ ಒಂದೇ ರೀತಿಯಲ್ಲಿ ಅಳೆಯುವುದಿಲ್ಲವಾದ್ದರಿಂದ, ಒಂದರ ಅಗಲವನ್ನು ತುಸುತುಸುವೇ ಹೊಂದಿಸುತ್ತ ಹೋದಾಗ ಆ ನೆರಳೂ ಕರಗಿತು, ಮೀಟರಿನ ಕಡ್ಡಿ ತಳಕ್ಕೆ ಇಳಿಯಿತು. "ಏನೂ ಕೇಳುತ್ತಿಲ್ಲವಲ್ಲ!" ಎಂದ. ಸಾಮಾನ್ಯ ಡಿಜಿಟಲ್ ಈಕ್ಯೂ ಎಂಬುದು ಗಣಿತ. ಆ ಗಣಿತ ದಶಕಗಳಿಂದ ಎಲ್ಲರಿಗೂ ತೆರೆದೇ ಇದೆ. ವ್ಯತ್ಯಾಸವೆಂಬುದು ಕೇಳಿಸಿದರೆ ಬಹುತೇಕ ತೀರ ಮೇಲಿನ ಸ್ಥಾಯಿಗಳಲ್ಲಿ, ಸ್ಯಾಂಪಲ್ ರೇಟಿನ (ನಾದವನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯಲಾಗುತ್ತದೆ ಎಂಬ ಸಂಖ್ಯೆಯ) ಅರ್ಧವನ್ನು ಸಮೀಪಿಸುವಾಗ ಕೆಲವು ಈಕ್ಯೂಗಳ ವಕ್ರರೇಖೆ ಇಕ್ಕಟ್ಟಾಗುವುದರಿಂದ ಉಂಟಾಗುತ್ತದೆ. 300 ಹರ್ಟ್ಸ್‌ನಲ್ಲಿ ಹಣಕ್ಕೆ ಕೆಲಸವಿಲ್ಲ.

ಹಾಗಿದ್ದರೆ ದುಬಾರಿಯದು ಚೆನ್ನಾಗಿದೆ ಎಂದು ಅವನಿಗೆ ಅಷ್ಟು ದಿನ ಅನ್ನಿಸಿದ್ದೇಕೆ? ಬಹುಪಾಲು ಸಲ ಉತ್ತರ ಶಬ್ದದ ಮಟ್ಟದಲ್ಲಿ ಇರುತ್ತದೆ. ಕೇವಲ 1 ಡೆಸಿಬೆಲ್ ಜೋರಾದರೂ ನಮ್ಮ ಕಿವಿ ಅದನ್ನು ‘ಜೋರು’ ಎಂದು ಗುರುತಿಸುವ ಬದಲು ‘ತುಂಬಿದೆ, ತಿಳಿಯಾಗಿದೆ’ ಎಂದೇ ಗ್ರಹಿಸುತ್ತದೆ. ಶಬ್ದ ಮೆಲ್ಲಗಿದ್ದಾಗ ಕೆಳಗಿನ ಮತ್ತು ಮೇಲಿನ ಸ್ಥಾಯಿಗಳು ನಮಗೆ ಕಡಿಮೆ ಕೇಳುತ್ತವೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಅಳೆದು ತೋರಿಸಿದ್ದಾರೆ. ಆದ್ದರಿಂದ ಎರಡು ಪ್ಲಗಿನ್‌ಗಳನ್ನು ಹೋಲಿಸುವ ಮೊದಲು ಲೌಡ್‌ನೆಸ್ ಮೀಟರಿನಲ್ಲಿ ಎರಡರ ಮಟ್ಟವನ್ನೂ ಸಮ ಮಾಡಿಕೊಳ್ಳಲೇಬೇಕು. ಅದಕ್ಕೂ ಯೂಲೀನ್ ಮೀಟರಿನ ಪುಕ್ಕಟೆ ಆವೃತ್ತಿ ಧಾರಾಳವಾಗಿ ಸಾಕು. ಸಮ ಮಾಡಿಕೊಂಡು, ಕಣ್ಣು ಮುಚ್ಚಿ, ಯಾವುದು ಯಾವುದೆಂದು ಗೊತ್ತಿಲ್ಲದಂತೆ ಕೇಳಿದ ಮೇಲೂ ಒಂದು ಪ್ಲಗಿನ್ ಮೇಲೆಂದು ಅನ್ನಿಸಿದರೆ, ಆ ಅನ್ನಿಸಿಕೆಯನ್ನು ನಾನು ಗೌರವಿಸುತ್ತೇನೆ.

ಇನ್ನು ‘ಸ’ಕಾರ. ಅದನ್ನು ಸಾಮಾನ್ಯ ಈಕ್ಯೂವಿನಿಂದ ಇಡೀ ಹಾಡಿಗೆ ತಗ್ಗಿಸಿದರೆ ದನಿಯ ಉಸಿರು, ಹೊಳಪು ಎರಡೂ ಹೋಗುತ್ತವೆ. ಬೇಕಾಗಿರುವುದು ಆ ಕ್ಷಣಕ್ಕೆ ಮಾತ್ರ ಕೆಳಗಿಳಿದು ಮತ್ತೆ ಮೇಲೇಳುವ ಡೈನಾಮಿಕ್ ಈಕ್ಯೂ. ಟೋಕಿಯೊ ಡಾನ್‌ನವರ ನೋವಾ ಎಂಬ ಪ್ಲಗಿನ್ ಪುಕ್ಕಟೆಯಾಗಿಯೇ ನಾಲ್ಕು ಡೈನಾಮಿಕ್ ಬ್ಯಾಂಡ್‌ಗಳನ್ನು ಕೊಡುತ್ತದೆ. ತಮ್ಮ ಅದನ್ನು ಇಳಿಸಿಕೊಂಡು ಒಂದು ಬ್ಯಾಂಡನ್ನು 7,000 ಹರ್ಟ್ಸ್ ಬಳಿ ಇಟ್ಟ. ತಗ್ಗಿಸುವಿಕೆ ಶುರುವಾಗುವ ಮಟ್ಟವನ್ನು, ಅಂದರೆ ಥ್ರೆಶೋಲ್ಡನ್ನು, ಮೆಲ್ಲಗೆ ಇಳಿಸುತ್ತ ಹೋದಂತೆ, ‘ಸ’, ‘ಶ’ ಬಂದಾಗ ಮಾತ್ರ ಗೆರೆ 4 ಡೆಸಿಬೆಲ್‌ನಷ್ಟು ಕುಸಿದು, ಮುಂದಿನ ಸ್ವರಾಕ್ಷರ ಬರುವಷ್ಟರಲ್ಲಿ ಸಮತಲಕ್ಕೆ ಮರಳುವ ಹಂತ ಸಿಕ್ಕಿತು. ಥ್ರೆಶೋಲ್ಡ್ ಇನ್ನೂ ಇಳಿದಾಗ ಹಾಡುವವಳಿಗೆ ನಾಲಿಗೆ ತೊದಲಿದಂತಾಯಿತು. ಒಂದು ಹೆಜ್ಜೆ ಹಿಂದಕ್ಕೆ ಬಂದು ನಿಲ್ಲಿಸಿದ. ಅವನು ಪಲ್ಲವಿಯನ್ನು ಪೂರ್ತಿ ನುಡಿಸಿ ಕೇಳಿಸಿದಾಗ ನನಗಾದ ಸಂತೋಷವನ್ನು ಇಲ್ಲಿ ಬರೆದಿಡಲೇಬೇಕು. ಆ ಸಾಲು ಮೊದಲ ಬಾರಿಗೆ ಎಲ್ಲಿಯೂ ಚುಚ್ಚದೆ ಹರಿಯಿತು.

ಇಷ್ಟು ಬರೆದ ಮೇಲೆ ಪುಕ್ಕಟೆಯದೇ ಸದಾ ಸಾಕು ಎಂಬ ಭಾವನೆ ಓದುವವರಿಗೆ ಬಂದರೆ ಅದು ನನ್ನ ಮಾತಲ್ಲ. ಹಣ ಕೊಡಬೇಕಾದ ಜಾಗಗಳಿವೆ. ಸ್ಯಾಚುರೇಶನ್, ಡಿಸ್ಟಾರ್ಶನ್ ಮಾಡುವ, ಅಂದರೆ ನಾದವನ್ನು ಬೇಕೆಂದೇ ತುಸು ಕೆಡಿಸುವ ಪ್ಲಗಿನ್‌ಗಳನ್ನೇ ತೆಗೆದುಕೊಳ್ಳಿ. ಅವು ಮೂಲ ನಾದಕ್ಕೆ ಹೊಸ ಹಾರ್ಮೋನಿಕ್‌ಗಳನ್ನು, ಅಂದರೆ ಅದರ ಎರಡು, ಮೂರು ಪಟ್ಟು ಎತ್ತರದ ನಾದಗಳನ್ನು, ಸೇರಿಸುತ್ತವೆ. 44,100 ಸ್ಯಾಂಪಲ್ ರೇಟಿನಲ್ಲಿ ಅದರ ಅರ್ಧವಾದ 22,050 ಹರ್ಟ್ಸ್‌ಗಿಂತ ಮೇಲಿನದಕ್ಕೆ ಸ್ಥಳವಿಲ್ಲ. 9,000 ಹರ್ಟ್ಸ್‌ನ ಮೂರನೆಯ ಹಾರ್ಮೋನಿಕ್ 27,000ಕ್ಕೆ ಬರಬೇಕು. ಅಲ್ಲಿ ಜಾಗವಿಲ್ಲದೆ ಅದು ಮಡಚಿಕೊಂಡು 17,100ರಲ್ಲಿ ಇಳಿಯುತ್ತದೆ. ಆ ಸಂಖ್ಯೆಗೂ ಹಾಡಿನ ಶ್ರುತಿಗೂ ಯಾವ ಸಂಬಂಧವೂ ಇರುವುದಿಲ್ಲ. ಇಂಥ ಮಡಚಿಕೆಗಳು ಒಂದೊಂದು ಟ್ರ್ಯಾಕಿನಲ್ಲಿಯೂ ಸೇರುತ್ತ ಹೋದಾಗ ಮಿಕ್ಸಿನ ಮೇಲ್ಭಾಗಕ್ಕೆ ಒಂದು ಬಗೆಯ ಒರಟು ಪೊರೆ ಬಂದಂತಾಗುತ್ತದೆ. ಒಳಗೆ ಸ್ಯಾಂಪಲ್ ರೇಟನ್ನು ಹಲವು ಪಟ್ಟು ಏರಿಸಿ ಕೆಲಸ ಮಾಡಿ ಮತ್ತೆ ಇಳಿಸುವ ಓವರ್‌ಸ್ಯಾಂಪ್ಲಿಂಗ್ ಇದಕ್ಕೆ ಮದ್ದು. ಅದನ್ನು ಶುದ್ಧವಾಗಿಯೂ, ಸಿಪಿಯು ಹೆಚ್ಚು ತಿನ್ನದಂತೆಯೂ ಮಾಡುವುದು ಕಷ್ಟದ ಕಸುಬು. ಪುಕ್ಕಟೆಯವುಗಳಲ್ಲಿ ಕೆಲವು ಅದನ್ನು ಚೆನ್ನಾಗಿ ಮಾಡುತ್ತವೆ, ಹಲವು ಮಾಡುವುದೇ ಇಲ್ಲ. ಏರುಸ್ವರದ ಒಂದು ಸೈನ್ ಅಲೆಯನ್ನು ಕೊಟ್ಟು ಸ್ಥಾಯಿಗಳನ್ನು ಗೆರೆಗಳಾಗಿ ತೋರಿಸುವ ವಾಕ್ಸೆಂಗೋ ಸ್ಪ್ಯಾನ್‌ನಲ್ಲಿ ನೋಡಿದರೆ, ಸ್ವರ ಮೇಲಕ್ಕೆ ಏರುತ್ತಿರುವಾಗಲೇ ಕೆಲವು ಗೆರೆಗಳು ಬಲದ ಅಂಚಿಗೆ ಬಡಿದು ಹಿಂದಕ್ಕೆ ಸರಿಯುವುದು ಕಣ್ಣಿಗೇ ಕಾಣುತ್ತದೆ.

ಧ್ವನಿಮುದ್ರಣದ ಕೊಳೆ ತೊಳೆಯುವ ಕೆಲಸವೂ ಅಂಥದ್ದೇ. ಫ್ಯಾನಿನ ಗುಂಯ್‌ಗುಡುವಿಕೆ, ಕುರ್ಚಿಯ ಕಿರ್ರೆನ್ನುವ ಸದ್ದು, ಹಾಡುವವರ ತುಟಿಯ ಟಿಕ್ ಎಂಬ ಶಬ್ದ ಇವುಗಳನ್ನು ದನಿಗೆ ಗಾಯವಾಗದಂತೆ ತೆಗೆಯಬೇಕಾದರೆ ಐಜೋಟೋಪ್ ಆರ್‌ಎಕ್ಸ್‌ನಂಥ ಸಾಧನಕ್ಕೆ ಹಣ ತೆರುವುದು ನ್ಯಾಯವೆಂದೇ ನನಗೆ ತೋರುತ್ತದೆ. ಪುಕ್ಕಟೆಯ ಸರಳ ನಾಯ್ಸ್ ರಿಡಕ್ಷನ್‌ಗಳು ಜೋರಾಗಿ ಬಳಸಿದಾಗ ದನಿಯ ಬಾಲಕ್ಕೆ ನೀರಿನೊಳಗಿನ ಗುಳುಗುಳು ಅಂಟಿಸುತ್ತವೆ. ಶ್ರುತಿ ತಿದ್ದುವಾಗಲೂ, ಸ್ವರದಿಂದ ಸ್ವರಕ್ಕೆ ಜಾರುವ ಭಾಗವನ್ನು ಹಾಗೆಯೇ ಬಿಟ್ಟು ತಪ್ಪಿದ ಸ್ವರವೊಂದನ್ನೇ ಎತ್ತಿ ಸರಿಪಡಿಸಬೇಕೆಂದರೆ ಮೆಲೊಡೈನ್‌ನಂಥ ಸಾಧನ ಕೊಡುವ ಹಿಡಿತ ಪುಕ್ಕಟೆ ಪಿಚ್ ಕರೆಕ್ಟರ್‌ಗಳಲ್ಲಿ ನನಗೆ ಸಿಕ್ಕಿಲ್ಲ.

ನಾದವನ್ನು ತಾವೇ ಹುಟ್ಟಿಸುವ ಸಿಂಥ್‌ಗಳ ಕಥೆ ಮಾತ್ರ ತಲೆಕೆಳಗು. 2018ರಲ್ಲಿ ತನ್ನ ವಾಣಿಜ್ಯ ಸಿಂಥ್ ಸರ್ಜ್‌ನ ಆಕರ ಸಂಕೇತವನ್ನೇ (ಸೋರ್ಸ್ ಕೋಡನ್ನೇ) ಕ್ಲೇಸ್ ಯೋಹಾನ್ಸನ್ ಜಗತ್ತಿಗೆ ಬಿಟ್ಟುಕೊಟ್ಟರು, ಸ್ವಯಂಸೇವಕರು ಅದನ್ನು ಸರ್ಜ್ ಎಕ್ಸ್‌ಟಿ ಆಗಿ ಬೆಳೆಸಿದರು. 2020ರಲ್ಲಿ ಬಂದ ಮ್ಯಾಟ್ ಟೈಟೆಲ್ ಅವರ ವೈಟಲ್‌ನಲ್ಲಿ ಪುಕ್ಕಟೆ ಬಳಕೆದಾರನಿಗೂ ಹಣ ಕೊಟ್ಟವನಿಗೂ ನಾದ ಹುಟ್ಟಿಸುವ ಎಂಜಿನ್ ಒಂದೇ. ಹಣಕ್ಕೆ ಮುಖ್ಯವಾಗಿ ಹೆಚ್ಚು ಪ್ರೀಸೆಟ್ (ಸಿದ್ಧ ನಾದ) ಮತ್ತು ವೇವ್‌ಟೇಬಲ್‌ಗಳು (ಅಲೆಗಳ ಅಚ್ಚುಗಳು) ಸಿಗುತ್ತವೆ. 1983ರ ಸಿಂಥ್ ಯಮಹಾ ಡಿಎಕ್ಸ್7ರ ಆರು ಆಪರೇಟರ್‌ಗಳ (ಅಲೆ ಹುಟ್ಟಿಸುವ ಘಟಕಗಳ) ಲೋಕವನ್ನು ಡೆಕ್ಸೆಡ್ ಎಂಬ ಪ್ಲಗಿನ್ ಕಾಸಿಲ್ಲದೆ ತೆರೆದಿಡುತ್ತದೆ. ವಲ್ಹಲ್ಲಾದವರ ಪುಕ್ಕಟೆ ಪ್ರತಿಧ್ವನಿ ಪ್ಲಗಿನ್ ಸೂಪರ್‌ಮ್ಯಾಸಿವ್‌ನಲ್ಲಿ ಒಂದು ಸ್ವರವನ್ನು ಬಿಟ್ಟು ಅದು ಕರಗುವವರೆಗೆ ಕೇಳುತ್ತ ಕುಳಿತವರಿಗೆ, ಇದನ್ನು ಕಟ್ಟಿದವರ ರಾತ್ರಿಗಳು ಎಷ್ಟು ಹೋಗಿರಬಹುದು ಎಂಬ ಯೋಚನೆ ಬಾರದೆ ಇರದು. ಅಂಥವರ ಹಣದ ಪ್ಲಗಿನ್ ಒಂದನ್ನು ಎಂದಾದರೂ ಕೊಳ್ಳುವುದು, ಕೊಳ್ಳಲಾಗದಿದ್ದರೆ ದೋಷವೊಂದನ್ನು ವಿವರವಾಗಿ ಬರೆದು ತಿಳಿಸುವುದು, ಇವೆರಡೂ ಋಣ ತೀರಿಸುವ ದಾರಿಗಳೇ ಎಂದು ತಮ್ಮನಿಗೂ ಹೇಳಿದೆ.

ಇಷ್ಟರ ನಡುವೆ ನನ್ನನ್ನು ಕಾಡುವುದು ಬೆಲೆಗಿಂತ ಹೆಚ್ಚಾಗಿ ಬಾಳಿಕೆ. ಇಂದು ಮುಗಿಸಿದ ಹಾಡನ್ನು ಹತ್ತು ವರ್ಷಗಳ ನಂತರ ತೆರೆದಾಗ ಅದು ಇದೇ ನಾದದಲ್ಲಿ ತೆರೆದುಕೊಳ್ಳುತ್ತದೆಯೇ? 2015ರಲ್ಲಿ ಕ್ಯಾಮೆಲ್ ಆಡಿಯೋ ಬಾಗಿಲು ಹಾಕಿದಾಗ ಅವರ ಪುಕ್ಕಟೆ ಪ್ಲಗಿನ್ ಕ್ಯಾಮೆಲ್‌ಕ್ರಶರ್‌ನ ವಿತರಣೆಯೂ ನಿಂತಿತು. 2019ರ ಮ್ಯಾಕ್‌ಓಎಸ್ ಕ್ಯಾಟಲಿನಾ 32 ಬಿಟ್ ತಂತ್ರಾಂಶಗಳನ್ನೆಲ್ಲ ಹೊರಗಿಟ್ಟಾಗ, ಯಾರೂ ಹೊಸದಾಗಿ ಕಟ್ಟಿಕೊಡದ ಹಳೆಯ ಪ್ಲಗಿನ್‌ಗಳು ಒಮ್ಮೆಲೇ ಮೂಕವಾದವು. ಹಣ ಕೊಟ್ಟರೆ ಈ ಭಯವಿಲ್ಲ ಎನ್ನುವಂತೆಯೂ ಇಲ್ಲ. 2023ರ ಮಾರ್ಚ್‌ನಲ್ಲಿ ಪ್ಲಗಿನ್ ತಯಾರಕ ಕಂಪನಿ ವೇವ್ಸ್ ಶಾಶ್ವತ ಪರವಾನಗಿಗಳ ಮಾರಾಟವನ್ನು ನಿಲ್ಲಿಸಿ ಚಂದಾ ಪದ್ಧತಿಯೊಂದನ್ನೇ ಉಳಿಸಲು ಹೊರಟಿತು. ಬಳಕೆದಾರರ ವಿರೋಧಕ್ಕೆ ಮಣಿದು ಕೆಲವೇ ದಿನಗಳಲ್ಲಿ ನಿರ್ಧಾರವನ್ನು ಹಿಂದೆಗೆದುಕೊಂಡಿತಾದರೂ, ಚಂದಾ ನಿಂತ ದಿನ ಹಳೆಯ ಹಾಡುಗಳು ಏನಾಗುತ್ತವೆ ಎಂಬ ಪ್ರಶ್ನೆ ಅಂದೇ ಎಲ್ಲರ ಮನಸ್ಸಿಗೆ ಬಂತು. ಆಕರ ಸಂಕೇತ ತೆರೆದಿರುವ ಪ್ಲಗಿನ್‌ಗಳ ಮೇಲೆ ನನಗಿರುವ ಭರವಸೆಗೆ ಕಾರಣವೂ ಇದೇ. ಒಬ್ಬರು ಕೈಬಿಟ್ಟರೆ ಇನ್ನೊಬ್ಬರು ಎತ್ತಿಕೊಳ್ಳಲು ಅಲ್ಲಿ ಅವಕಾಶವಾದರೂ ಇರುತ್ತದೆ. ಬಿಟ್‌ವಿಗ್ ಮತ್ತು ಯು-ಹೀ ಕಂಪನಿಗಳು ಸೇರಿ 2022ರಲ್ಲಿ ಪ್ರಕಟಿಸಿದ, ಪ್ಲಗಿನ್‌ಗಳನ್ನು ಕಟ್ಟುವ ಕ್ಲ್ಯಾಪ್ ಎಂಬ ಮುಕ್ತ ಮಾದರಿಯನ್ನು ನಾನು ಆಸಕ್ತಿಯಿಂದ ನೋಡುತ್ತಿರುವುದೂ ಅದಕ್ಕಾಗಿಯೇ.

ತಮ್ಮ ಆ ಈಕ್ಯೂ ಕೊಳ್ಳುತ್ತಾನೋ ಇಲ್ಲವೋ ತಿಳಿಯದು. ಪರೀಕ್ಷಾ ಆವೃತ್ತಿಯ ಪರದೆ ಅವನಿಗೆ ಬಹಳ ಹಿಡಿಸಿದೆ. ಗೆರೆಯನ್ನು ಬೆರಳಿನಿಂದ ಎಳೆದಂತೆ ಎಳೆಯಬಹುದು, ಎರಡು ಟ್ರ್ಯಾಕ್‌ಗಳು ಎಲ್ಲಿ ಡಿಕ್ಕಿಯಾಗುತ್ತಿವೆ ಎಂಬುದನ್ನು ಅದು ಬಣ್ಣದಲ್ಲಿ ತೋರಿಸುತ್ತದೆ, ಅರ್ಧ ಗಂಟೆಯ ಕೆಲಸ ಹತ್ತು ನಿಮಿಷದಲ್ಲಿ ಮುಗಿಯುತ್ತದೆ ಎನ್ನುತ್ತಾನೆ. ಅದು ನಿಜವಾದ ಕಾರಣ, ಮತ್ತು ದಿನವೂ ಮಿಕ್ಸ್ ಮಾಡುವವನಿಗೆ ಸಾಲುವ ಕಾರಣ. ನಾದಕ್ಕಾಗಿ ಕೊಳ್ಳುತ್ತಿದ್ದೇನೆ ಎಂದು ತಿಳಿಯದೆ, ಸಮಯಕ್ಕಾಗಿ ಕೊಳ್ಳುತ್ತಿದ್ದೇನೆ ಎಂದು ತಿಳಿದು ಕೊಂಡರೆ ನನ್ನ ತಕರಾರಿಲ್ಲ.

ಒಂದು ಮಾತು ಮಾತ್ರ ಅವನಿಗೆ ಹೇಳುವುದು ಉಳಿಯಿತು. ಯಾವ ಪ್ಲಗಿನ್ ಬಳಸಿದರೂ ಹಾಡು ಮುಗಿದ ದಿನವೇ ಪ್ರತಿಯೊಂದು ಟ್ರ್ಯಾಕನ್ನೂ ಮೊದಲಿನಿಂದ ಕೊನೆಯವರೆಗೆ ವೇವ್ ಕಡತವಾಗಿ ತೆಗೆದಿಡಬೇಕು. ಒಣ ದನಿ ಒಂದು, ಪ್ಲಗಿನ್ ಹಾದ ದನಿ ಇನ್ನೊಂದು, ರಿವರ್ಬ್ (ಅನುರಣನ) ಬೇರೆಯೇ. ಆದರೆ ರಿವರ್ಬನ್ನು ಬೇರೆಯಾಗಿ ತೆಗೆಯುವಾಗ ಇಡೀ ಮಿಕ್ಸ್ ಹಾದುಹೋಗುವ ಮಾಸ್ಟರಿನ ಮೇಲಿರುವ ಕಂಪ್ರೆಸರ್ (ಜೋರಾದದ್ದನ್ನು ಒತ್ತುವ ಸಾಧನ) ಅದನ್ನು ಒಂಟಿಯಾಗಿ ಕೇಳಿಸಿಕೊಳ್ಳುತ್ತದೆ, ಇಡೀ ಹಾಡಿನ ಜೊತೆಗೆ ಕೇಳಿದಾಗ ಒತ್ತುವಷ್ಟು ಅದನ್ನು ಒತ್ತುವುದಿಲ್ಲ. ಹಾಗಾಗಿ ಆ ಕಡತಗಳನ್ನೆಲ್ಲ ಮತ್ತೆ ಕೂಡಿಸಿದರೆ ಇದೇ ಮಿಕ್ಸ್ ಮರಳಿ ಬರುವುದಿಲ್ಲ. ಮಾಸ್ಟರಿನ ಕಂಪ್ರೆಸರನ್ನು ತೆಗೆದೇ ಇಡಬೇಕೇ, ಅಥವಾ ಅದರ ಸೈಡ್‌ಚೈನಿಗೆ (ಎಷ್ಟು ಒತ್ತಬೇಕೆಂದು ಅದು ಕೇಳಿಸಿಕೊಳ್ಳುವ ದಾರಿಗೆ) ಪೂರ್ಣ ಮಿಕ್ಸನ್ನೇ ಕೊಟ್ಟು ಒಂದೊಂದಾಗಿ ತೆಗೆಯಬೇಕೇ?