ಕುರಿಯ ಉಸಿರು ಕೊಳವೆ ಪ್ರಾಜೆಕ್ಟ್: ಉಂಗುರಗಳು ಇನ್ನೂ ಬದುಕಿವೆ

ಕಳೆದ ಸಲ ಬರೆದಾಗಿನಿಂದ ವಾರ ದಾಟಿತು, ಕುರಿಯ ಉಸಿರು ಕೊಳವೆಯಿಂದ ಕತ್ತರಿಸಿಟ್ಟ ಉಂಗುರಗಳು ಇನ್ನೂ ಸತ್ತಿಲ್ಲ.

ಹೊಸಬರಿಗೆ ಒಂದು ಮಾತು. ಯಾವ ಪ್ರಾಣಿಗೆ ಯಾವ ವೈರಸ್ ತಗಲುತ್ತದೆ ಅನ್ನೋದನ್ನು ಪ್ರಾಣಿಯನ್ನೇ ಕಾಯಿಲೆ ಬೀಳಿಸದೆ, ಅದರ ಅಂಗಾಂಶದ ತುಣುಕು ನೋಡಿ ಎಷ್ಟರಮಟ್ಟಿಗೆ ಹೇಳಬಹುದು, ಇದು ನನ್ನ ಕುತೂಹಲ. ವೈರಸ್ ನಾನು ಮುಟ್ಟೋದಿಲ್ಲ. ಅದು ಭದ್ರತೆ ಇರುವ ಲ್ಯಾಬ್‌ಗಳ ಕೆಲಸ, ದಾವಣಗೆರೆಯ ಮನೆ ಮಹಡಿಯದ್ದಲ್ಲ. ತುಣುಕನ್ನು ಬದುಕಿಸಿಡುವುದಷ್ಟೇ ನನ್ನ ಪಾಲು.

ಮಟನ್ ಅಂಗಡಿಯವರು ಈಗಲೂ "ನಾಯಿಗೇನ್ರಿ ಸರ್?" ಅಂತಲೇ ಕೊಳವೆ ಕೊಡುತ್ತಾರೆ. ಕೊಳವೆಯನ್ನು ಆ್ಯಂಟಿಬಯೋಟಿಕ್ ಹಾಕಿದ ನೀರಲ್ಲಿ ತೊಳೆದು, ಬ್ಲೇಡಿನಿಂದ ತೆಳ್ಳಗೆ ಉಂಗುರ ಕತ್ತರಿಸಿ, ಎಲ್-15 ಅನ್ನೋ, ಜೀವಕೋಶಗಳಿಗೆ ಪೋಷಣೆ ಕೊಡುವ ದ್ರಾವಣದಲ್ಲಿ ಇಡುತ್ತೇನೆ. ಇದಕ್ಕೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬೇಡ, ಅದೇ ದೊಡ್ಡ ಉಪಕಾರ. ಥರ್ಮೋಕೋಲ್ ಪೆಟ್ಟಿಗೆ, ಬಲ್ಬು, ಮೊಟ್ಟೆ ಮರಿ ಮಾಡಿಸುವವರು ಬಳಸುವ ಕಂಟ್ರೋಲರ್, 37 ಡಿಗ್ರಿ. ಕರೆಂಟ್ ಹೋದರೆ ಬಿಸಿ ಹಿಡಿದಿರಲಿ ಅಂತ ಒಳಗೆ ನೀರಿನ ಬಾಟಲಿಗಳು. ಏಪ್ರಿಲ್‌ನಲ್ಲಂತೂ ಬಲ್ಬ್ ಹೊತ್ತಿದ್ದೇ ಕಡಿಮೆ, ಊರೇ ಇನ್‌ಕ್ಯುಬೇಟರ್ ಆಗಿತ್ತು!

ಬದುಕಿದೆಯಾ ಅಂತ ನೋಡೋದು ಹೀಗೆ. ಉಂಗುರದ ಒಳಮೈಯಲ್ಲಿ ಸಿಲಿಯಾ ಅನ್ನೋ ಸಣ್ಣ ರೋಮಗಳಿರುತ್ತವೆ. ಇದ್ದಿಲ ಪುಡಿಯ ಒಂದು ಕಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ರೋಮಗಳ ಬಡಿತಕ್ಕೆ ಸಿಕ್ಕಿ ಅದು ನಿಲ್ಲದೆ ಅಂಚಿನುದ್ದಕ್ಕೂ ಒಂದೇ ಕಡೆಗೆ ಜಾರುತ್ತಾ ಹೋಗುತ್ತದೆ. ನಿನ್ನೆ ರಾತ್ರಿಯೂ ಜಾರಿತು. ಕೋಳಿಯ ಬ್ರಾಂಕೈಟಿಸ್ ವೈರಸ್ ಪರೀಕ್ಷಿಸುವ ಲ್ಯಾಬ್‌ಗಳೂ ಭ್ರೂಣದ ಕೊಳವೆಯ ಉಂಗುರದಲ್ಲಿ ಇದನ್ನೇ ನೋಡುತ್ತವೆ: ವೈರಸ್ ಹಿಡಿದರೆ ರೋಮದ ಬಡಿತ ನಿಲ್ಲುತ್ತದೆ. ದ್ರಾವಣ ಹಳದಿಗೆ ತಿರುಗಿ ಕಲಕಿತೋ, ಬ್ಯಾಕ್ಟೀರಿಯಾ ಬಂದಂತೆ, ಎಸೆಯೋದೇ.

ಉಂಗುರದ ಬದಲು ಬಿಡಿ ಜೀವಕೋಶ ಬೆಳೆಸಿದರೆ ಸಾಲದಾ ಅಂತ ಒಬ್ಬರು ಕೇಳಿದ್ದರು. ಸಾಲದು. ಮನುಷ್ಯರ ಫ್ಲೂ ವೈರಸ್ ಎಂಡಿಸಿಕೆ ಕೋಶಗಳಲ್ಲಿ ಚೆನ್ನಾಗಿ ಬೆಳೆಯುತ್ತದೆ. ಅವು 1958ರಲ್ಲಿ ನಾಯಿಯ ಮೂತ್ರಪಿಂಡದಿಂದ ತೆಗೆದವು. ಹಾಗಂತ ನಮ್ಮ ಫ್ಲೂ ಬೀದಿ ನಾಯಿಗಳಿಗೆಲ್ಲ ಹರಡುತ್ತಾ? ಹಸಿರು ಕೋತಿಯಿಂದ ಬಂದ ವೀರೋ ಕೋಶಗಳಿಗೆ ವೈರಸ್ ತಡೆಯುವ ಇಂಟರ್‌ಫೆರಾನ್ ಅನ್ನೋ ಪ್ರೋಟೀನ್ ತಯಾರಿಸೋಕೇ ಬರೋಲ್ಲ, ಬಾಗಿಲಿಗೆ ಚಿಲಕವೇ ಇಲ್ಲ. ಕೋವಿಡ್ ವೈರಸ್ ಹಂದಿಯ ಕೆಲವು ಕೋಶಗಳಲ್ಲಿ ಬೆಳೆಯಿತು, ಆದರೆ ಹಂದಿಗಳಿಗೇ ಕೊಟ್ಟಾಗ ಹೆಚ್ಚೇನೂ ಆಗಲಿಲ್ಲ. ಕೋಶ ಹೇಳೋದು 'ಒಳಗೆ ಹೋಗಬಹುದು' ಅಂತ ಮಾತ್ರ. ಉಂಗುರದಲ್ಲಿ ಲೋಳೆ, ರೋಮ, ಪದರ ಎಲ್ಲ ಇರೋದರಿಂದ ಅದರ ಮಾತಿಗೆ ತೂಕ ಜಾಸ್ತಿ. ಆದರೂ ರಕ್ತ ಹರಿಯೋಲ್ಲ, ಜ್ವರ ಬರೋಲ್ಲ, ಅಷ್ಟು ನೆನಪಿರಲಿ.

ಯಾವ ಅಂಗಾಂಶ ಆರಿಸುತ್ತೇವೆ ಅನ್ನೋದೂ ಮುಖ್ಯ. 2024ರಲ್ಲಿ ಅಮೆರಿಕದ ಹಾಲಿನ ಹಸುಗಳಿಗೆ ಎಚ್5ಎನ್1 ಹಕ್ಕಿ ಜ್ವರ ಬಂತು. ವೈರಸ್ ಹೆಚ್ಚು ಸಿಕ್ಕಿದ್ದು ಹಾಲಿನಲ್ಲಿ. ಅದು ಅಂಟಿಕೊಳ್ಳುವ ಸಕ್ಕರೆಯಂಥ ಅಣುಗಳು ಕೆಚ್ಚಲಿನಲ್ಲಿ ಧಾರಾಳವಾಗಿವೆ ಅಂತ ಆಮೇಲೆ ತಿಳಿಯಿತು. ಬರೀ ಉಸಿರು ಕೊಳವೆ ನೋಡುತ್ತಾ ಕೂತಿದ್ದರೆ ಅದು ಕಾಣುತ್ತಿತ್ತಾ?

ಅದಕ್ಕೇ ಮುಂದಿನ ಹೆಜ್ಜೆ ಲೆಕ್ಟಿನ್. ಈ ಪ್ರೋಟೀನುಗಳು ಅದೇ ಅಣುಗಳಿಗೆ ಅಂಟುತ್ತವೆ. ಬಣ್ಣ ಬರಿಸಿದರೆ ವೈರಸ್ ಇಲ್ಲದೆಯೇ ಫ್ಲೂ ಎಲ್ಲಿ ಅಂಟಬಹುದು ಅಂತ ಕಾಣಬಹುದು. ದುಬಾರಿ, ಹಣ ಕೂಡಿಸಬೇಕು. ಕುರಿಯ ಕೊಳವೆ, ಕೋಳಿಯ ಕೊಳವೆ, ಕುರಿಯ ಕೆಚ್ಚಲು, ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡೋ ಆಸೆ. ಚಿತ್ರದುರ್ಗದ ಕಡೆ ಯಾರ ಹತ್ತಿರವಾದರೂ ಅಂಗಾಂಶ ತೆಳ್ಳಗೆ ಸೀಳುವ ಮೈಕ್ರೋಟೋಮ್ ಸುಮ್ನೆ ಬಿದ್ದಿದ್ದರೆ ಹೇಳಿ, ಬಸ್ ಹತ್ತಿ ಬರುತ್ತೇನೆ.