ಹೆಸರು ಬೇಕಂದ್ರ ಡಬ್ಬ್ಯಾಗ ಅದ

ಮಂಗಳವಾರ ಬೆಳಿಗ್ಗೆ ಎರಡು ಟೊಮೆಟೊ ಹಿಡಿದುಕೊಂಡು ಪಕ್ಕದ ಮನೆ ಆಯಿ ಹತ್ತಿರ ಹೋದೆ. ಬಲಗೈಯಲ್ಲೊಂದು, ಎಡಗೈಯಲ್ಲೊಂದು. ಎರಡೂ ಗುಂಡಗೆ, ಎರಡೂ ಮುಷ್ಟಿ ಗಾತ್ರ, ಎರಡಕ್ಕೂ ಅದೇ ಪೆಚ್ಚು ಬಣ್ಣ, ಪೂರ್ತಿ ಕೆಂಪೂ ಅಲ್ಲ, ಕಿತ್ತಳೆಯೂ ಅಲ್ಲ. "ಆಯಿ, ಇವು ಒಂದೇ ಜಾತಿ ಅದಾವೋ ಬ್ಯಾರೆ ಬ್ಯಾರೆ ಅದಾವೋ ನೋಡ್ರಿ. ಹೆಸರ ಗೊತ್ತಾಗವಲ್ದು" ಅಂದೆ.

ಆಯಿ ಪುಂಡಿಪಲ್ಯ ಸೋಸುತ್ತಿದ್ದರು. ತಲೆ ಕೂಡ ಎತ್ತಲಿಲ್ಲ. "ಹೆಸರು ಬೇಕಂದ್ರ ಡಬ್ಬ್ಯಾಗ ಅದ, ತೊಗೊಂಡು ಹೋಗು. ಇವನ್ನ ಇಲ್ಲೇ ಇಡು, ಸಾರ ಮಾಡ್ತೀನಿ."

ಸೊಸೆ ಒಳಗಿನಿಂದ ಜೋರಾಗಿ ನಕ್ಕಳು. ನಾನೂ ನಕ್ಕೆ, ಆದರೆ ಸ್ವಲ್ಪ ಉರಿಯಿತು.

ಉರಿಯೋಕೆ ಕಾರಣ ಇದೆ. ಕಳೆದ ವರ್ಷ ನಾನು ಇದೇ ಗಿಡಗಳ ಬೀಜವನ್ನು ನಾಲ್ಕು ಮನೆಗೆ ಹಂಚಿದ್ದೇನೆ, ಅದೂ ಪೊಟ್ಟಣದ ಮೇಲೆ ಹೆಸರು ಬರೆದು, ದೊಡ್ಡ ತಜ್ಞೆ ಥರ. ಒಂದು ಅರ್ಕಾನ್ಸಾ ಟ್ರಾವೆಲರ್, ಇನ್ನೊಂದು ಹೋಮ್‌ಸ್ಟೆಡ್. ಎರಡೂ ಅಮೆರಿಕದ ಸೆಕೆ ರಾಜ್ಯಗಳವು. ಟ್ರಾವೆಲರ್ 1971ರಲ್ಲಿ ಅರ್ಕಾನ್ಸಾ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ್ದು, ಹೋಮ್‌ಸ್ಟೆಡ್ 1950ರ ದಶಕದಲ್ಲಿ ಫ್ಲೋರಿಡಾದಲ್ಲಿ ಹೆಸರು ಮಾಡಿದ್ದು. ಬಿಸಿಲಿಗೂ ಕಾಯಿ ಕಟ್ಟುತ್ತವೆ ಅಂತ ಇವನ್ನು ಹೊಗಳುತ್ತಾರೆ. ಹೈಬ್ರಿಡ್ ಅಲ್ಲ, ಟೊಮೆಟೊ ಹೂವು ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಹಾಗಾಗಿ ಬೀಜ ಎತ್ತಿಟ್ಟರೆ ಮುಂದಿನ ವರ್ಷವೂ ಅದೇ ಬರುತ್ತದೆ. ಈ ವರ್ಷ ಐಸ್‌ಕ್ರೀಮ್ ಕಡ್ಡಿ ಮೇಲೆ ಮಾರ್ಕರ್‌ನಲ್ಲಿ ಹೆಸರು ಬರೆದು ಕುಂಡದಲ್ಲಿ ಸಿಗಿಸಿದ್ದೆ. ಕಲಬುರಗಿ ಬಿಸಿಲು, ಮಾಳಿಗೆ ಬೇರೆ. ಕಡ್ಡಿ ಉಳಿಯಿತು, ಶಾಯಿ ಹೋಯಿತು.

ಹೇಗೆ ಗುರುತಿಸಬೇಕು ಅಂತ ನನಗೆ ಗೊತ್ತಿತ್ತು ಅಂದುಕೊಂಡಿದ್ದೆ. ಟ್ರಾವೆಲರ್ ಗುಲಾಬಿ, ಹೋಮ್‌ಸ್ಟೆಡ್ ಕೆಂಪು. ಟ್ರಾವೆಲರ್ ಬಳ್ಳಿ ಥರ ಏರುತ್ತಲೇ ಇರುತ್ತದೆ, ಹೋಮ್‌ಸ್ಟೆಡ್ ಒಂದು ಎತ್ತರಕ್ಕೆ ಬಂದು ನಿಧಾನವಾಗುತ್ತದೆ. ಆದರೆ ಜಾಗ ಸಾಲದು ಅಂತ ಎರಡರ ಕುಡಿಯನ್ನೂ ನಾನೇ ಚಿವುಟಿ ಹಾಕಿದ್ದೆ, ಎತ್ತರದ ಲೆಕ್ಕ ಅಲ್ಲಿಗೆ ಮುಗಿಯಿತು. ಉಳಿದದ್ದು ಬಣ್ಣ. ಬಿಸಿಲು 30–32 ಡಿಗ್ರಿ ದಾಟಿದರೆ ಟೊಮೆಟೊಗೆ ಕೆಂಪು ಕೊಡುವ ಲೈಕೋಪೀನ್ ಸರಿಯಾಗಿ ತಯಾರಾಗೋದಿಲ್ಲ, ಹಳದಿ ಬಣ್ಣ ಮಾತ್ರ ತನ್ನ ಪಾಡಿಗೆ ಬರುತ್ತಿರುತ್ತದೆ. ನಮ್ಮಲ್ಲಿ ಮಾರ್ಚ್ ಕೊನೆಗೆ 39, 40. ಇನ್ನೆಲ್ಲಿ ಗುಲಾಬಿ, ಇನ್ನೆಲ್ಲಿ ಕೆಂಪು? ಎರಡಕ್ಕೂ ಜ್ವರ ಬಂದವರ ಮುಖ.

ಕಾಕಾಗೆ ಫೋಟೊ ಕಳಿಸಿದ್ದೆ. ಒಂದೇ ನಿಮಿಷದಲ್ಲಿ ತೀರ್ಪು ಬಂತು. "ಎರಡೂ ಹೈಬ್ರಿಡ್ ಅದಾವ. ನಿನಗ ಯಾರೋ ಮೋಸ ಮಾಡ್ಯಾರ." ಕಾಕಾ ಹೀಗೇ. ಮಾವಿನ ಹಣ್ಣಿಗೂ ಇದೇ ಮಾತು, ಅಳಿಯನಿಗೂ ಇದೇ ಮಾತು. ಗೊತ್ತಿಲ್ಲ ಅನ್ನೋ ಶಬ್ದ ಅವರ ಬಾಯಿಂದ ಬಂದದ್ದು ನಾನಂತೂ ಕೇಳಿಲ್ಲ.

ಸಂಜೆ ಆಯಿ ಬಟ್ಟಲಲ್ಲಿ ಸಾರು ಕೊಟ್ಟು ಕಳಿಸಿದರು, ಜೊತೆಗೆ ನನ್ನನ್ನೂ ಕರೆದರು. ಅಡುಗೆಕಟ್ಟೆ ಮೇಲೆ ಒಂದು ತಾಟು, ಅದರ ಅಂಚಿಗೆ ಅಂಟಿಕೊಂಡ ಎರಡು ಸಿಪ್ಪೆ. ಸಾರಿಗೆ ಕುದಿಸಿದಾಗ ಸುಲಿದು ತೆಗೆದದ್ದು. "ನೋಡವಾ, ಒಂದರ ಸಿಪ್ಪಿ ಹಳದಿ ಅದ. ಇನ್ನೊಂದರದ್ದು ಗಾಜಿನಂಗ ಅದ. ಬ್ಯಾರೆ ಬ್ಯಾರೆ ಜಾತಿನೇ."

ಸಿಪ್ಪೆ ಎತ್ತಿ ಬಲ್ಬಿಗೆ ಹಿಡಿದೆ. ನಿಜ. ಒಂದು ತೆಳು ಅರಿಶಿನದ ಬಣ್ಣ. ಇನ್ನೊಂದಕ್ಕೆ ಬಣ್ಣವೇ ಇಲ್ಲ, ಉಳ್ಳಾಗಡ್ಡಿಯ ಒಳಪೊರೆ ಥರ. ಆಮೇಲೆ ನೆನಪಾಯಿತು, ಎಲ್ಲೋ ಓದಿ ಮರೆತಿದ್ದೆ: ಗುಲಾಬಿ ಟೊಮೆಟೊಗೂ ಕೆಂಪು ಟೊಮೆಟೊಗೂ ಒಳಗಿನ ತಿರುಳು ಹೆಚ್ಚುಕಡಿಮೆ ಒಂದೇ ಕೆಂಪು, ವ್ಯತ್ಯಾಸ ಇರೋದು ಸಿಪ್ಪೆಯಲ್ಲಿ. ಸಿಪ್ಪೆ ಹಳದಿ ಇದ್ದರೆ ಹೊರಗಿನಿಂದ ಕೆಂಪು, ಬಣ್ಣವಿಲ್ಲದ ಸಿಪ್ಪೆಯಾದರೆ ಗುಲಾಬಿ. ಬಿಸಿಲು ತಿರುಳನ್ನು ಕೆಡಿಸಿದರೂ ಸಿಪ್ಪೆ ಸುಳ್ಳು ಹೇಳಲಿಲ್ಲ. ಗಾಜಿನ ಸಿಪ್ಪೆಯದೇ ಟ್ರಾವೆಲರ್.

ಖುಷಿ ಎರಡು ನಿಮಿಷ ಇತ್ತು. ಆಯಿ ಕೇಳಿದರು, "ಇದು ಬಲಗೈದೋ ಎಡಗೈದೋ?" ನನಗೆಲ್ಲಿ ನೆನಪು! ಯಾವ ಕುಂಡದ್ದು ಯಾವ ಕೈಯಲ್ಲಿತ್ತು ಅನ್ನೋದು ಬೆಳಿಗ್ಗೆಯೇ ಮರೆತಿದ್ದೆ. ಬೀಜ ನೋಡಿದರೆ ಆಗಲೇ ಸಾರಿನಲ್ಲಿ.

ಎರಡು ದಿನ ಆಯಿಯ ಮಾತೇ ತಲೆಯಲ್ಲಿ ತಿರುಗಿತು. ಹೆಸರು ಬೇಕಂದ್ರ ಡಬ್ಬ್ಯಾಗ ಅದ. ಮೊದಲು ತಮಾಷೆ ಅನ್ನಿಸಿತು, ಆಮೇಲೆ ಹೌದಲ್ವಾ ಅನ್ನಿಸಿತು, ತಿನ್ನೋಕೆ ಹೆಸರು ಯಾಕೆ ಬೇಕು. ಬುಧವಾರ ರಾತ್ರಿ ನಿದ್ದೆ ಬರದೆ ಮಲಗಿದ್ದಾಗ ಅವ್ವನ ಟೊಮೆಟೊ ನೆನಪಾಯಿತು.

ಆಳಂದ ಕಡೆ ನಮ್ಮ ತವರು. ಬಚ್ಚಲ ನೀರು ಹರಿಯುವಲ್ಲಿ ಒಂದು ಗಿಡ ತಾನೇ ಹುಟ್ಟುತ್ತಿತ್ತು. ಹಣ್ಣು ಚಪ್ಪಟೆ, ಮೈತುಂಬ ಗೀರು, ತೊಟ್ಟಿನ ಹತ್ತಿರ ಹಸಿರು, ಹುಳಿ ಅಂದರೆ ಹುಳಿ. ಅವ್ವ ಬೀಜವನ್ನು ಬೂದಿಗೆ ಹಚ್ಚಿ ಒಣಗಿಸಿ ಗಂಟು ಕಟ್ಟಿ ಇಡುತ್ತಿದ್ದಳು. ಏಪ್ರಿಲ್‌ನಲ್ಲೂ ಚಟ್ನಿಗೆ ನಾಲ್ಕು ಹಣ್ಣು ಸಿಗುತ್ತಿತ್ತು. ಅದಕ್ಕೆ ಹೆಸರಿರಲಿಲ್ಲ. "ನಮ್ಮ ಟಮಾಟಿ" ಅಷ್ಟೇ. ಅವ್ವ ಹೋದ ಮೇಲೆ ಮನೆ ಕೆಡವಿ ಕಟ್ಟಿದರು, ಗಿಡ ಹೋಯಿತು, ಗಂಟೂ ಹೋಯಿತು. ಹುಡುಕೋಣ ಅಂದರೆ ಏನಂತ ಕೇಳಲಿ? ಬೀಜದಂಗಡಿಯಲ್ಲಿ ಕೇಳಿದೆ, "ಜವಾರಿ ಅದ ತೊಗೋರಿ" ಅಂತ ಒಂದು ಪೊಟ್ಟಣ ಕೊಟ್ಟ, ಅದರಲ್ಲಿ ಬಂದದ್ದು ಮೊಟ್ಟೆಯಾಕಾರದ ಗಟ್ಟಿ ಕಾಯಿ. ಕಣ್ಣಿ ಮಾರ್ಕೆಟ್‌ನಲ್ಲೂ ಅಷ್ಟೇ, ಸ್ವಲ್ಪ ಚಪ್ಪಟೆ, ಸ್ವಲ್ಪ ಹುಳಿ ಇದ್ದರೆ ಎಲ್ಲವೂ ಜವಾರಿ. ಜವಾರಿ ಒಂದು ದೊಡ್ಡ ಚೀಲ, ಅದರೊಳಗೆ ಯಾರ ಮನೆಯದು ಯಾವುದು ಅಂತ ಗೊತ್ತಾಗೋದಿಲ್ಲ. ಪರದೇಶದ ಟೊಮೆಟೊದ ಹುಟ್ಟಿದ ವರ್ಷ ನನಗೆ ಗೊತ್ತು, ಅವ್ವನದರ ಬಗ್ಗೆ ಹೇಳೋಕೆ ಗೀರು, ಹುಳಿ, ಬಚ್ಚಲು ಬಿಟ್ಟರೆ ಏನೂ ಇಲ್ಲ. ಇದಕ್ಕೆ ನಾನು ಯಾರನ್ನೂ ಬೈಯುವಂತಿಲ್ಲ. ಅವ್ವ ಇದ್ದಾಗ ನಾನೂ ಕೇಳಲಿಲ್ಲ.

ಗುರುವಾರ ಬೆಳಿಗ್ಗೆ ನೀರಿನ ಟಾಕಿ ಪಕ್ಕದ ಕುಂಡದಿಂದ ಒಂದು ಹಣ್ಣು ಕಿತ್ತೆ, ಒಂದೇ ಒಂದು, ಬಿಸಿನೀರಿಗೆ ಹಾಕಿ ಸುಲಿದೆ. ಗಾಜು. ಕಡ್ಡಿ ಮೇಲೆ ಈ ಸಲ ಪೆನ್ಸಿಲ್‌ನಲ್ಲಿ ಬರೆದೆ, ಪೆನ್ಸಿಲ್ ಬಿಸಿಲಿಗೆ ಹೋಗಲ್ಲ. ಬೀಜವನ್ನು ರಸದ ಸಮೇತ ಲೋಟದಲ್ಲಿ ನೆನೆಹಾಕಿದ್ದೇನೆ, ಎರಡು ಮೂರು ದಿನ ಹುಳಿ ಬಂದ ಮೇಲೆ ತೊಳೆಯಬೇಕು. ಇನ್ನು ಹೊಸ ಕಾಯಿಯ ಆಸೆ ಇಲ್ಲ. ರಾತ್ರಿಯೂ ತಂಪಾಗುತ್ತಿಲ್ಲ, ಹೂವು ಉದುರುತ್ತಿವೆ. ಬಿಸಿಲು ತಡೆಯುವ ಜಾತಿ ಅಂದರೂ ಅದಕ್ಕೂ ಒಂದು ಮಿತಿ ಇದೆ. ಬೀಜ ಕೊಟ್ಟ ನಾಲ್ಕು ಮನೆಗೂ ಫೋನ್ ಮಾಡಿ ಸಿಪ್ಪೆ ಸುಲಿದು ನೋಡಿ ಅಂತ ಹೇಳಬೇಕು, ಇನ್ನೂ ಧೈರ್ಯ ಬಂದಿಲ್ಲ.

ಆಯಿಗೆ ಲೋಟ ತೋರಿಸಿದೆ. ಬಗ್ಗಿ ನೋಡಿ, "ಆ ಗಾಜಿನ ಸಿಪ್ಪಿ ಅಂದ್ರ ಇದೇ ಏನು? ನನಗೂ ನಾಕು ಬೀಜ ಇಡು" ಅಂದರು. ಮನೆಗೆ ಬಂದು ಕಡ್ಡಿಯ ಹಿಂಬದಿಯಲ್ಲಿ ಅದನ್ನೂ ಬರೆದೆ: ಗಾಜಿನ ಸಿಪ್ಪಿ.